ಚಿಗರಿ ಕಾಯಲು ದುರ್ಬೀನು: ಕೊಳ್ಳುವ ಮುಂಚೆ ಎರಡು ಅಂಕಿ ನೋಡಿ

ನಮ್ಮದು ರಾಣೆಬೆನ್ನೂರು-ಬ್ಯಾಡಗಿ ನಡುವೆ ಮಳೆ ನಂಬಿದ ನಾಲ್ಕು ಎಕರೆ ಹೊಲ. ಗೋವಿನಜೋಳ, ಒಂದಿಷ್ಟು ಹತ್ತಿ, ಮನೆಮಟ್ಟಿಗೆ ಬ್ಯಾಡಗಿ ಮೆಣಸಿನಕಾಯಿ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರಲ್ಲಿ ಆದದ್ದು, 119 ಚದರ ಕಿಲೋಮೀಟರ್. ಆದರೆ ಚಿಗರಿಗೆ (ಕೃಷ್ಣಮೃಗಕ್ಕೆ ನಾವು ಅನ್ನುವುದು ಹೀಗೆ) ಧಾಮದ ಗಡಿಕಲ್ಲು ಓದಲು ಬರುವುದಿಲ್ಲ. ಬ್ಯಾಡಗಿ, ಹಾವೇರಿ ಕಡೆಯ ಹೊಲದಲ್ಲೂ ಹಿಂಡು ಸಿಗುತ್ತವೆ.

ಮೂರು ವರ್ಷದ ಹಿಂದಿನ ಮಾತು. ಬಿತ್ತಿ ಹನ್ನೆರಡು ದಿನವಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಸುಮಾರು 20 ಗುಂಟೆಯಲ್ಲಿ ಸಸಿಯ ಸುಳಿ ಕತ್ತರಿಸಿದ ಹಾಗೆ ಮಾಯ. ಹಸಿ ಮಣ್ಣಿನಲ್ಲಿ ಸಣ್ಣ ಗೊರಸಿನ ಗುರುತು. ಪ್ರತಿ ಬೇಸಿಗೆಯಲ್ಲಿ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದ ಕುರಿಗಾಹಿಯ ಮೇಲೆ ನನಗೆ ಸಂಶಯ ಬಂತು. ಸಿಟ್ಟಿನಲ್ಲಿ ನಾಲ್ಕು ಜನರೆದುರು ಅಂದೇಬಿಟ್ಟೆ. ಆತ ಎದುರು ಆಡಲಿಲ್ಲ. “ಅಣ್ಣಾರ, ನನ್ನ ಕುರಿ ಹಟ್ಟಿ ಬಿಡೂದ ಎಂಟಕ್ಕ. ನೀವ ನಸುಕಿನ್ಯಾಗ ಬಂದು ನೋಡ್ರಿ” ಅಂದು ಹೋದ. ಮುಂದಿನ ಬೇಸಿಗೆಗೆ ಅವನ ಕುರಿ ನಮ್ಮ ಹೊಲಕ್ಕೆ ಬರಲಿಲ್ಲ. ಎರಡು ಟ್ರ್ಯಾಕ್ಟರ್ ಗೊಬ್ಬರ ರೊಕ್ಕ ಕೊಟ್ಟು ಹೇರಿಸಬೇಕಾಯಿತು.

ಕೋವಿಯ ದುರ್ಬೀನು ನಮಗಲ್ಲ

ಊರ ಕಟ್ಟೆಯ ಮೇಲೆ ಹುಡುಗರು ಬೇರೆ ದಾರಿ ಹೇಳಿದರು. “ಕಾಕಾ, ಕೋವಿಗೆ ಹಚ್ಚೋ ದುರ್ಬೀನು ಬರ್ತಾವು. ದೂರದಿಂದ ಹೊಡದ್ರ ಮುಗೀತು.” ಈ ಮಾತಿಗೆ ಮರುಳಾಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ ಒಂದನೇ ಅನುಸೂಚಿಯ ಪ್ರಾಣಿ. ಕೊಂದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಸೆರೆವಾಸ, ಮೇಲೆ ದಂಡ. ಮನುಷ್ಯನ ಜೀವಕ್ಕೆ ಅಪಾಯ ಇದ್ದರೆ, ಇಲ್ಲವೇ ವಾಸಿಯಾಗದ ರೋಗ, ಗಾಯ ಇದ್ದರೆ ಮಾತ್ರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಬಹುದು. ಬೆಳೆ ತಿಂದಿತು ಎಂಬುದು ಆ ಕಾರಣಗಳಲ್ಲಿ ಇಲ್ಲ. ಬೆಳೆ ಕಾಯಲು ಪಡೆದ ಕೋವಿ ಲೈಸೆನ್ಸು ಇದ್ದರೂ ಚಿಗರಿಗೆ ಗುಂಡು ಹಾರಿಸುವಂತಿಲ್ಲ.

ಇನ್ನೊಂದು ಅಪಾಯವೂ ಇದೆ. ಕೋವಿಯ ದುರ್ಬೀನಿನಲ್ಲಿ ನೋಡಬೇಕಾದರೆ ಕೋವಿಯನ್ನೇ ಆ ಕಡೆ ತಿರುಗಿಸಬೇಕು. ಆ ಕಡೆ ಇರುವುದು ಚಿಗರಿಯೋ, ನೀರು ಕಟ್ಟಲು ಬಂದ ನೆರೆಯವನೋ? ಹಂದಿ ಎಂದು ಮನುಷ್ಯನಿಗೆ ಗುಂಡು ಬಿದ್ದ ಸುದ್ದಿ ಮಲೆನಾಡಿನ ಕಡೆಯಿಂದ ಆಗಾಗ ಓದುತ್ತೇವೆ. ನಮಗೆ ಬೇಕಾದ್ದು ನೋಡುವ ದುರ್ಬೀನು, ಎರಡು ಕಣ್ಣಿನದು.

ಮೊದಲು ಮೋಸ ಹೋದೆ

ಜಾತ್ರೆಯಲ್ಲಿ ಒಂದು ಕೊಂಡೆ. ಮೇಲೆ 30×60 ಎಂದು ದಪ್ಪ ಅಕ್ಷರ, ಗಾಜು ಕೆಂಪಗೆ ಮಿಂಚುತ್ತಿತ್ತು. ಮೂವತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಹಿಗ್ಗಿದೆ. ಮಧ್ಯಾಹ್ನ ಹೇಗೋ ಕಂಡಿತು. ನಸುಕಿನಲ್ಲಿ ಬರೀ ಕತ್ತಲೆ. ಕೈ ನಡುಗಿದರೆ ಇಡೀ ಹೊಲ ಕುಣಿಯುತ್ತಿತ್ತು. ಮನೆಯಲ್ಲಿ ಅಳತೆಪಟ್ಟಿ ಹಿಡಿದು ನೋಡಿದರೆ 60 ಮಿ.ಮೀ. ಎಂದ ಗಾಜು 30 ಕೂಡ ಇರಲಿಲ್ಲ.

ಹುಬ್ಬಳ್ಳಿಯಲ್ಲಿರುವ ಅಳಿಯನಿಗೆ ಇದರ ವಿಷಯ ಗೊತ್ತು. “ಮಾವಾರ, ದೊಡ್ಡದು ಮಾಡೂದಕ್ಕಿಂತ ಬೆಳಕು ತರೂದು ಮುಖ್ಯ” ಎಂದು ಲೆಕ್ಕ ಹೇಳಿಕೊಟ್ಟ.

ಲೆಕ್ಕ ಇಷ್ಟೇ

8×42 ಎಂದಿದ್ದರೆ ಮೊದಲಿನ 8 ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. 42 ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಬಂದದ್ದು ನಮ್ಮ ಕಣ್ಣಿಗೆ ಬರುವ ಬೆಳಕಿನ ಕಂಡಿಯ ಅಗಲ.

8×42: 5.25 ಮಿ.ಮೀ.
10×50: 5 ಮಿ.ಮೀ.
10×25: 2.5 ಮಿ.ಮೀ.
7×50: 7 ಮಿ.ಮೀ.ಗೆ ಸ್ವಲ್ಪ ಮೇಲೆ.

ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ 2-3 ಮಿ.ಮೀ.ಗೆ ಸಣ್ಣದಾಗುತ್ತದೆ. ಆಗ 10×25 ಸಹ ಸಾಕು. ಕತ್ತಲೆಯಲ್ಲಿ ಹುಡುಗರ ಪಾಪೆ 7 ಮಿ.ಮೀ.ವರೆಗೆ ಅರಳುತ್ತದೆ. ನಮ್ಮಂಥ ಐವತ್ತು ದಾಟಿದವರದು 5ರ ಆಸುಪಾಸು. ಚಿಗರಿ ಹೊಲಕ್ಕೆ ಇಳಿಯುವುದು ಹೆಚ್ಚಾಗಿ ನಸುಕಿನಲ್ಲಿ, ಇಳಿಸಂಜೆಯಲ್ಲಿ. ಹಾಗಾಗಿ ಭಾಗಿಸಿದರೆ 5 ಬರಬೇಕು. ಅದಕ್ಕಿಂತ ಕಡಿಮೆಯಾದರೆ ಬೇಕಾದ ಹೊತ್ತಿಗೆ ಕಾಣುವುದಿಲ್ಲ. ಹೆಚ್ಚಾದರೆ ನಮ್ಮ ವಯಸ್ಸಿನ ಕಣ್ಣಿಗೆ ಅದು ದಕ್ಕುವುದಿಲ್ಲ, ಬರೀ ಭಾರ ಹೊರುವುದು.

ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ಕಾಣುವ ಅಗಲ ಕಿರಿದಾಗುತ್ತದೆ. ಓಡುವ ಹಿಂಡನ್ನು ಹಿಡಿಯಲು 8 ಪಟ್ಟು ಸಾಕು. ಬೇಟೆಗೆ ಕಾನೂನಿನ ಅನುಮತಿ ಇರುವ ಅಮೆರಿಕದಂಥ ದೇಶದಲ್ಲಿ ಜಿಂಕೆ ಬೇಟೆಯವರ ಕೋವಿ ದುರ್ಬೀನಿಗೂ ಇದೇ ಲೆಕ್ಕವಂತೆ. ಅಲ್ಲಿ ಮಧ್ಯಮ ಬೆಲೆಯಲ್ಲಿ ಬಹಳ ಬಳಕೆಯಾಗುವುದು 3-9×40, ಅಂದರೆ 3ರಿಂದ 9 ಪಟ್ಟಿನವರೆಗೆ ತಿರುಗಿಸುವಂಥದ್ದು. ಮಬ್ಬುಗತ್ತಲೆಯಲ್ಲಿ ಅವರೂ ಪಟ್ಟು ಇಳಿಸಿಯೇ ನೋಡುತ್ತಾರೆ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ

1. ಅಳತೆಪಟ್ಟಿ ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಮುಂದಿನ ಗಾಜು ಅಳೆಯಿರಿ.

2. ಬಾಗಿಲಿಗೆ ಬಂದು ದುರ್ಬೀನನ್ನು ಕೈಚಾಚಿ ಬೆಳಕಿನ ಕಡೆ ಹಿಡಿಯಿರಿ. ಕಣ್ಣಿನ ಕಡೆಯ ಗಾಜಿನಲ್ಲಿ ಎರಡು ಬೆಳಕಿನ ಬೊಟ್ಟು ಕಾಣುತ್ತವೆ. ಅವು ಪೂರ್ತಿ ದುಂಡಗೆ, ಅಂಚಿನವರೆಗೂ ಬೆಳ್ಳಗೆ ಇರಬೇಕು. ಅಂಚು ಕತ್ತರಿಸಿದಂತೆ ಚೌಕವಾಗಿ, ಬೂದು ಬಣ್ಣಕ್ಕಿದ್ದರೆ ಒಳಗಿನ ಪ್ರಿಸಂ ಅಗ್ಗದ್ದು. ಬಿಎಕೆ-4 ಎಂದು ಬರೆದಿದ್ದರೆ ಸಾಮಾನ್ಯವಾಗಿ ಬಿಕೆ-7ಕ್ಕಿಂತ ಒಳ್ಳೆಯದು.

3. ಗಾಜಿಗೆ ಲೈಟು ಬಿದ್ದಾಗ ಮೆಲ್ಲಗೆ ಹಸಿರು, ನೇರಳೆ ಛಾಯೆ ಕಂಡರೆ ಲೇಪನ ಚೆನ್ನಾಗಿದೆ. ಕನ್ನಡಿಯ ಹಾಗೆ ಕೆಂಪಗೆ ಹೊಳೆದರೆ ಬೇಡ.

4. ರಸ್ತೆಯಾಚೆಯ ಬೋರ್ಡಿನ ಅಕ್ಷರ ಐದು ನಿಮಿಷ ಓದಿ. ಎರಡೆರಡು ಕಂಡರೆ, ಹಣೆ ನೊಂದರೆ, ಎರಡು ನಳಿಗೆ ಒಂದೇ ನೇರಕ್ಕಿಲ್ಲ. ವಾಪಸ್ ಕೊಡಿ.

5. ಚಾಳೀಸು ಹಾಕಿಕೊಂಡೇ ನೋಡುವವರು ಕಣ್ಣಿನ ಕಡೆಯ ರಬ್ಬರ್ ಮಡಚಿ ನೋಡಿ. ಪೂರ್ತಿ ದುಂಡು ಕಾಣಬೇಕು.

6. ಮಳೆಗಾಲಕ್ಕೆ ನೀರು ಒಳಹೋಗದಂತೆ ಮುಚ್ಚಿ ಸಾರಜನಕ ತುಂಬಿದ್ದು ಸಿಕ್ಕರೆ ಒಳಗೆ ಮಂಜು ಹಿಡಿಯುವುದಿಲ್ಲ.

ನಾನು ಕೊಂಡದ್ದು 8×42, ಆರು ಸಾವಿರಕ್ಕೆ ಸ್ವಲ್ಪ ಮೇಲೆ. ಒಬ್ಬನಿಗೆ ಭಾರವೇ. ಹೊಲ ಹೊಂದಿಕೊಂಡಿರುವ ಮೂವರು ಸೇರಿ ಕೊಂಡೆವು.

ಬಳಸುವ ಬಗೆ

ಮೊದಲು ಬಲಗಣ್ಣು ಮುಚ್ಚಿ ನಡುವಿನ ಗಾಲಿ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರವನ್ನಷ್ಟೇ ತಿರುಗಿಸಿ. ಮುಂದೆ ನಡುವಿನ ಗಾಲಿಯೊಂದೇ ಸಾಕು. ಮೊಣಕೈ ಬದುವಿಗೋ ಮರಕ್ಕೋ ಊರಿದರೆ ನಡುಕ ನಿಲ್ಲುತ್ತದೆ. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣು ಹೋಗುತ್ತದೆ. ಧೂಳನ್ನು ಮೊದಲು ಊದಿ, ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಹೆಗಲ ಮೇಲಿನ ಟವೆಲಿನಿಂದ ಒರೆಸಿದರೆ ಗೀರು ಬೀಳುತ್ತದೆ.

ಕಂಡದ್ದೇನು?

ಹೋದ ವರ್ಷ ಬಿತ್ತಿದ ಮೇಲೆ ಬದುವಿನ ಬೇವಿನ ಮರದ ಬುಡದಲ್ಲಿ ಕುಳಿತೆ. ಬೆಳಕು ಹರಿಯುವ ಮುಂಚೆ ಹದಿನಾಲ್ಕು ಚಿಗರಿ. ಒಂದು ಕಪ್ಪು ಗಂಡು, ತಿರುಚಿದ ಕೊಂಬು. ಉಳಿದವು ಕಂದು ಹೆಣ್ಣು, ಮರಿ. ನಾಲ್ಕು ದಿನವೂ ಪಕ್ಕದ ಬೀಳಿನಿಂದ ಹಳ್ಳದ ಒಂದೇ ಸಂದಿಯಲ್ಲಿ ನುಸುಳಿ ಬಂದವು. ಎದ್ದು ನಿಂತು ಕೂಗಿದರೆ ಹೊರಟುಹೋಗುತ್ತಿದ್ದವು. ನಾಲ್ಕೂ ಬದಿ ಬೇಲಿ ಹಾಕುವ ಖರ್ಚು ಉಳಿಯಿತು. ಆ ಸಂದಿಗೆ ಮುಳ್ಳು ಒಟ್ಟಿ ಹಳೆ ಸೀರೆ ಕಟ್ಟಿದೆವು. ಮೂವರೂ ಪಾಳಿ ಹಚ್ಚಿ ಮೊದಲ ಮೂರು ವಾರ ಅಲ್ಲೇ ಕಾಯ್ದೆವು. ಬೆಳೆ ಮೊಣಕಾಲು ದಾಟಿದ ಮೇಲೆ ಕಾಟ ಕಡಿಮೆಯಾಯಿತು. ಒಂದೆರಡು ಗುಂಟೆ ಹೋಯಿತು, ಅಷ್ಟೇ. ಯಾವ ದಿನ, ಎಷ್ಟು, ಯಾವ ಕಡೆಯಿಂದ ಎಂದು ಬರೆದಿಟ್ಟುಕೊಂಡಿದ್ದೇನೆ. ಅರಣ್ಯ ಇಲಾಖೆಗೆ ಹಾನಿಯ ಅರ್ಜಿ ಕೊಡುವಾಗ ಅಂದಾಜಿನ ಮಾತಿಗಿಂತ ಇದು ಗಟ್ಟಿ.

ಗೊರಸನ್ನೂ ಹೋಲಿಸಿ ನೋಡಿದೆ. ಚಿಗರಿಯದು ತುದಿ ಚೂಪು, ಕುರಿಯದು ಮೊಂಡ. ಅಂದೇ ಬಗ್ಗಿ ನೋಡಿದ್ದರೆ ತಿಳಿಯುತ್ತಿತ್ತು.

ಕುರಿಗಾಹಿಯ ಹಟ್ಟಿಗೆ ಹೋಗಿ “ತಪ್ಪಾತಪಾ, ನಿನ್ನ ಕುರಿ ಅಲ್ಲ ಅವು” ಅಂದೆ. ಅವನು “ನಸುಕಿನ್ಯಾಗ ಬಂದು ನೋಡಿದ್ರಲ್ಲ, ಅಷ್ಟ ಸಾಕು ಬಿಡ್ರಿ” ಅಂದ. ಈ ಬೇಸಿಗೆ ಮೂರು ರಾತ್ರಿ ಅವನ ಕುರಿ ನಮ್ಮ ಹೊಲದಲ್ಲಿ ನಿಂತವು. ದುರ್ಬೀನಿನ ರೊಕ್ಕದಲ್ಲಿ ನನ್ನ ಪಾಲು ಆ ಗೊಬ್ಬರದಲ್ಲೇ ಹುಟ್ಟಿತು.