ಸೇವೆ ಪಡೆದವರ ಸಾಕ್ಷ್ಯ

ದುಡಿದವನ ಬೆವರು ಆರುವ ಮುನ್ನ ಅವನ ಕೂಲಿ ಕೊಟ್ಟುಬಿಡಬೇಕೆಂದು ಪ್ರವಾದಿ(ಸ)ರು ಆದೇಶಿಸಿರುವುದು ನಮಗೆಲ್ಲ ತಿಳಿದಿದೆ. ಆಳಿನಿಂದ ಪೂರ್ತಿ ಕೆಲಸ ಪಡೆದು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂಬ ಎಚ್ಚರಿಕೆ ಬುಖಾರಿಯ ಹದೀಸಿನಲ್ಲಿದೆ. ಇದು ಕೂಲಿ ಕೊಡುವವನ ಮಾತಾಯಿತು. ಆದರೆ ಸೇವೆ ಪಡೆಯುವವರು ನಾವು, ಕೂಲಿ ಕೊಡುವವರು ಬೇರೆಯವರು ಎಂದಾದಾಗ ನಮ್ಮ ಹೊಣೆ ಏನು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಘಟನೆ ಇದಕ್ಕೆ ಉತ್ತಮ ಪಾಠವಾಗಿದೆ. ಅಲ್ಲಿ ಬಡವರಾದ ವೃದ್ಧರಿಗೆ ಹಾಗೂ ಅಂಗವಿಕಲರಿಗೆ ಮನೆಯಲ್ಲೇ ಆರೈಕೆ ಒದಗಿಸುವ ಸರಕಾರಿ ಯೋಜನೆಯಿದೆ. ಸ್ನಾನ ಮಾಡಿಸುವುದು, ಉಣಿಸುವುದು, ಹಾಸಿಗೆಯಿಂದ ಎಬ್ಬಿಸುವುದು ಆರೈಕೆದಾರರ ಕೆಲಸ. ಅವರಲ್ಲಿ ಹೆಚ್ಚಿನವರು ಬಡ ಮಹಿಳೆಯರು. 1999ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಸಿಗುತ್ತಿದ್ದುದು ಗಂಟೆಗೆ 5.75 ಡಾಲರ್, ಅಂದರೆ ಅಂದಿನ ಕನಿಷ್ಠ ವೇತನ ಮಾತ್ರ. ವೇತನ ಹೆಚ್ಚಿಸಿರೆಂದು ಯಾರನ್ನು ಕೇಳುವುದು? ಕೌಂಟಿ ಆಡಳಿತವು ತಾನು ಮಾಲೀಕನಲ್ಲ ಎಂದಿತು, ನ್ಯಾಯಾಲಯವೂ ಅದನ್ನೇ ಒಪ್ಪಿತು. ಸೇವೆ ಪಡೆಯುವ ರೋಗಿಯ ಕೈಯಲ್ಲಂತೂ ಹಣವಿರಲಿಲ್ಲ.

1987ರಲ್ಲಿ ಆರೈಕೆದಾರರು ಸಂಘಟಿತರಾಗತೊಡಗಿದಾಗ ಸೇವೆ ಪಡೆಯುವವರಿಗೆ ಭಯವಿತ್ತು. ಮುಷ್ಕರವಾದರೆ ತಮ್ಮನ್ನು ಹಾಸಿಗೆಯಿಂದ ಎಬ್ಬಿಸುವವರಾರು? ತಮಗೆ ಬೇಕಾದವರನ್ನು ಆರಿಸಿಕೊಳ್ಳುವ ಹಕ್ಕು ಉಳಿಯುವುದೇ? ಈ ಭಯವನ್ನು ಅಡಗಿಸಿಡದೆ ಎರಡೂ ಕಡೆಯವರು ಕುಳಿತು ಮಾತಾಡಿದರು. 1992ರ ಕಾನೂನಿನಂತೆ ಕೌಂಟಿಗಳಲ್ಲಿ ಇದಕ್ಕಾಗಿ ಸಾರ್ವಜನಿಕ ಮಂಡಳಿ ರಚಿಸಲು ಅವಕಾಶವಾಯಿತು. ಅದರ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಸೇವೆ ಪಡೆಯುವವರೇ ಆಗಿರಬೇಕು. ಆರೈಕೆದಾರರನ್ನು ನೇಮಿಸುವ, ಬಿಡಿಸುವ ಅಧಿಕಾರವೂ ಅವರಲ್ಲೇ ಉಳಿಯಿತು. ಅನಂತರ ಅಂಗವಿಕಲರು, ವೃದ್ಧರು ತಮ್ಮ ಆರೈಕೆದಾರರ ಪರವಾಗಿ ಅಧಿಕಾರಿಗಳ ಮುಂದೆ ದನಿಯೆತ್ತಿದರು. 1997ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಂಡಳಿ ರಚನೆಯಾಯಿತು. 1999ರಲ್ಲಿ ಸುಮಾರು 74,000 ಆರೈಕೆದಾರರಿಗೆ ಸಂಘದ ಮೂಲಕ ಮಾತಾಡುವ ಹಕ್ಕು ದೊರೆಯಿತು. 2009ರಲ್ಲಿ ರಾಜ್ಯ ಸರಕಾರವು ಈ ವೇತನದಲ್ಲಿನ ತನ್ನ ಪಾಲನ್ನು ಕಡಿತಗೊಳಿಸಲು ಹೊರಟಾಗಲೂ ಸೇವೆ ಪಡೆಯುವವರು ಮತ್ತು ಸಂಘಗಳು ಜೊತೆಯಾಗಿ ನ್ಯಾಯಾಲಯಕ್ಕೆ ಹೋದರು. ಫೆಡರಲ್ ನ್ಯಾಯಾಲಯವು ಆ ಕಡಿತಕ್ಕೆ ತಡೆ ನೀಡಿತು.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಆರೈಕೆದಾರಳ ದುಡಿಮೆ ನಾಲ್ಕು ಗೋಡೆಗಳೊಳಗೆ ನಡೆಯುತ್ತದೆ. ಅವಳ ಶ್ರಮಕ್ಕೆ ಹೆಚ್ಚಾಗಿ ಒಬ್ಬನೇ ಸಾಕ್ಷಿ, ಅವಳು ಆರೈಕೆ ಮಾಡುವ ರೋಗಿ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯ ಪಾಪಿಯೆಂದು ಕುರ್‌ಆನ್ ಸಾರುತ್ತದೆ. ನ್ಯಾಯದ ಪರವಾಗಿ ನಿಲ್ಲಿರಿ, ಅದು ಸ್ವತಃ ನಿಮಗೇ ವಿರುದ್ಧವಾದರೂ ಸರಿ ಎಂಬ ಆಶಯವು ಅನ್ನಿಸಾ ಅಧ್ಯಾಯದಲ್ಲಿದೆ. ಮರ್ದಿತನಿಗೆ ನೆರವಾಗುವುದು ಪ್ರವಾದಿ(ಸ)ರ ಆಜ್ಞೆ. ಅದಕ್ಕೆ ಧರ್ಮದ ಬೇಲಿಯಿಲ್ಲ.

ನಮ್ಮ ಮನೆಗಳಲ್ಲೂ ಹಾಸಿಗೆ ಹಿಡಿದ ತಂದೆ ತಾಯಿಯರ ಆರೈಕೆಗೆ ಹೋಂ ನರ್ಸ್‌ಗಳು ಬರುತ್ತಾರೆ. ಏಜೆನ್ಸಿಗೆ ಹಣ ಕಟ್ಟಿದೆವು, ನಮ್ಮ ಲೆಕ್ಕ ಮುಗಿಯಿತೆಂದು ಸುಮ್ಮನಿರುವವರೇ ಹೆಚ್ಚು. ಅದರಲ್ಲಿ ಆಕೆಯ ಕೈಸೇರುವುದೆಷ್ಟು? ಆಕೆಗೆ ವಾರದ ರಜೆ, ರಾತ್ರಿಯ ನಿದ್ದೆ ಇದೆಯೇ? ಕೇಳಿ ತಿಳಿಯೋಣ. ಸೇವಕರು ನಿಮ್ಮ ಸಹೋದರರು, ಶಕ್ತಿ ಮೀರಿದ ಹೊರೆ ಹೊರಿಸಬೇಡಿ, ಹೊರಿಸಿದರೆ ನೀವೂ ಕೈಜೋಡಿಸಿ ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ಆಕೆ ನ್ಯಾಯವಾದ ವೇತನ ಕೇಳಿದರೆ ಏಜೆನ್ಸಿಯವರ ಮುಂದೆ ಆಕೆಯ ಪರವಾಗಿ ಒಂದು ಮಾತು ಹೇಳೋಣ. ಆಗ ನಮ್ಮ ಖರ್ಚು ಸ್ವಲ್ಪ ಹೆಚ್ಚಬಹುದು. ನಮ್ಮ ನ್ಯಾಯಪ್ರಜ್ಞೆಯ ಪರೀಕ್ಷೆಯಾಗುವುದು ಅಲ್ಲಿಯೇ. ಕಡಿಮೆ ಕೂಲಿಯ ಲಾಭವನ್ನು ಉಣ್ಣುತ್ತಾ, ಅನ್ಯಾಯ ಮಾಡಿದವನು ಇನ್ನೊಬ್ಬನೆಂದು ಹೇಳಿ ತಪ್ಪಿಸಿಕೊಳ್ಳುವುದು ಅಲ್ಲಾಹನ ಮುಂದೆ ನಡೆಯದು.

ದುಡಿಯುವವರ ಹಕ್ಕನ್ನು ಅರಿತು ಸತ್ಯದ ಸಾಕ್ಷಿಗಳಾಗಿ ನಿಲ್ಲುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.