ಧಾತು-ಈಶ್ವರ ಸಂವತ್ಸರಗಳ ಕ್ಷಾಮ

ಭೂಕಂಪವು ಕ್ಷಣಮಾತ್ರದಲ್ಲಿ ಊರನ್ನು ನೆಲಸಮ ಮಾಡುತ್ತದೆ. ನೆರೆಯು ಒಂದೆರಡು ದಿನಗಳಲ್ಲಿ ಮನೆಮಾರುಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಬರಗಾಲದ ರೀತಿಯೇ ಬೇರೆ. ಅದು ಸದ್ದಿಲ್ಲದೆ ಬಂದು, ತಿಂಗಳುಗಟ್ಟಲೆ ನೆಲೆಯೂರಿ, ಸಮಾಜದ ಕಟ್ಟನ್ನು ಎಳೆ ಎಳೆಯಾಗಿ ಬಿಚ್ಚುತ್ತದೆ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಪೀಡಿಸಿದ ಮಹಾಕ್ಷಾಮವು ಇದಕ್ಕೊಂದು ನಿದರ್ಶನ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಒದಗಿದ ಈ ವಿಪತ್ತನ್ನು ಜನರು ಆ ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಿದ್ದರು.

ಆಗ ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1875ರಲ್ಲಿಯೇ ಮಳೆ ಕಡಿಮೆಯಾಗಿತ್ತು. 1876ರಲ್ಲಿ ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ಕೆರೆಗಳು ಬತ್ತಿದವು. ಹಗೇವುಗಳಲ್ಲಿ ಕೂಡಿಟ್ಟ ರಾಗಿಯೇ ರೈತನಿಗೆ ಆಪತ್ಕಾಲದ ಆಸರೆ. ಅದೂ ಕ್ರಮೇಣ ಬರಿದಾಯಿತು. ಬಳ್ಳಾರಿ, ಕಲಾದಗಿ, ಧಾರವಾಡ ಜಿಲ್ಲೆಗಳಲ್ಲಿಯೂ ಇದೇ ಸಂಕಟ.

ಮಳೆಯು ಎಲ್ಲರಿಗೂ ಒಂದೇ ಬಗೆಯಾಗಿ ತಪ್ಪಿತು; ಹಸಿವು ಮಾತ್ರ ಎಲ್ಲರನ್ನೂ ಒಂದೇ ಬಗೆಯಾಗಿ ತಟ್ಟಲಿಲ್ಲ. ಬಿತ್ತನೆ ಇಲ್ಲದಿದ್ದಾಗ ಮೊದಲು ಕೂಲಿ ಕಳೆದುಕೊಂಡವನು ಭೂಮಿಯಿಲ್ಲದ ಆಳು. ರೈತನ ಕೈಯಲ್ಲಿ ಹಣವಿಲ್ಲದಾಗ ನೇಕಾರನ ಸೀರೆ, ಕುಂಬಾರನ ಮಡಕೆಗಳನ್ನು ಕೊಳ್ಳುವವರಿಲ್ಲವಾದರು. ಸಣ್ಣ ಹಿಡುವಳಿದಾರನು ಮೊದಲು ಪಾತ್ರೆಗಳನ್ನೂ ಒಡವೆಗಳನ್ನೂ ಮಾರಿದನು. ಬಳಿಕ ಎತ್ತುಗಳನ್ನು ಮಾರಿದನು. ಕೊನೆಗೆ ಸಾಲಕ್ಕೆ ಹೊಲವನ್ನು ಒತ್ತೆಯಿಟ್ಟನು. ಎಲ್ಲರೂ ಏಕಕಾಲದಲ್ಲಿ ಮಾರಲು ಬಂದುದರಿಂದ ಈ ವಸ್ತುಗಳ ಬೆಲೆ ಇಳಿಯಿತು. ಧಾನ್ಯದ ಬೆಲೆಯಾದರೋ ಏರುತ್ತಲೇ ಹೋಯಿತು.

ಹಾಗಾದರೆ ದೇಶದಲ್ಲಿ ಧಾನ್ಯವೇ ಇರಲಿಲ್ಲವೆ? ಮದರಾಸಿನಿಂದ ಬೆಂಗಳೂರಿಗೆ ರೈಲಿನ ಮೂಲಕ ಧಾನ್ಯದ ಮೂಟೆಗಳು ಬರುತ್ತಿದ್ದವು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸಲು ಬಂಡಿ ಎಳೆಯುವ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. 1877ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿಯ ರಫ್ತೂ ನಿಲ್ಲಲಿಲ್ಲ. ಧಾನ್ಯವಿದ್ದಲ್ಲಿಯೂ ಬಡವನಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ.

ಸರ್ಕಾರವು ಗಂಜಿ ಕೇಂದ್ರಗಳನ್ನೂ ಪರಿಹಾರ ಕಾಮಗಾರಿಗಳನ್ನೂ ತೆರೆಯಿತು. ಆದರೆ ವೆಚ್ಚವನ್ನು ಹಿಡಿತದಲ್ಲಿಡಬೇಕೆಂಬ ಚಿಂತೆ ಆಳುವವರನ್ನು ಬಿಡಲಿಲ್ಲ. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ಮದರಾಸು ಪ್ರಾಂತದಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಯನ್ನು ಮಾತ್ರ ಕೂಲಿಯಾಗಿ ಗೊತ್ತುಪಡಿಸಲಾಯಿತು. ಮಣ್ಣು ಹೊರುವವನ ದೇಹಕ್ಕೆ ಇದು ಸಾಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದರು. ಕೆಲವು ತಿಂಗಳ ಬಳಿಕ ಕೂಲಿಯನ್ನು ಹೆಚ್ಚಿಸಲಾಯಿತು; ಅಷ್ಟರಲ್ಲಿ ಅನೇಕರು ಕೃಶರಾಗಿದ್ದರು.

ಊರು ಬಿಟ್ಟು ಪಟ್ಟಣ ಸೇರಿದ ಜನಸಮೂಹದಲ್ಲಿ ಕಾಲರಾ, ಸಿಡುಬುಗಳು ಹರಡಿದವು. 1877ರ ಕೊನೆಯಲ್ಲಿ ಮಳೆ ಬಂದಾಗ, ಬಳಲಿದ ಜನರಲ್ಲಿ ಜ್ವರ ಕಾಣಿಸಿಕೊಂಡಿತು. ಹೀಗೆ ಮಳೆ ಬಂದ ಮೇಲೂ ಮರಣ ನಿಲ್ಲಲಿಲ್ಲ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಉಳಿದವರಿಗೂ ಉಳುಮೆಗೆ ಎತ್ತುಗಳಿರಲಿಲ್ಲ, ಬಿತ್ತಲು ಬೀಜವಿರಲಿಲ್ಲ.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗ ಅದರೊಂದಿಗೆ ಕ್ಷಾಮದ 80 ಲಕ್ಷ ರೂಪಾಯಿಗಳ ಸಾಲವೂ ಬಂದಿತು. ಪರಿಹಾರ ಕಾಮಗಾರಿಯಾಗಿ ಆರಂಭಗೊಂಡ ಬೆಂಗಳೂರು-ಮೈಸೂರು ರೈಲುಮಾರ್ಗವು 1882ರಲ್ಲಿ ಮೈಸೂರನ್ನು ಮುಟ್ಟಿತು. ಬರದಲ್ಲಿ ಮೊದಲು ಕೂಲಿಯೇ ನಿಲ್ಲುತ್ತದೆಂಬುದನ್ನು 1880ರ ಕ್ಷಾಮ ಆಯೋಗವು ಮನಗಂಡು, ದುಡಿಯಬಲ್ಲವರಿಗೆ ಕೆಲಸವನ್ನೂ ಅಶಕ್ತರಿಗೆ ಉಚಿತ ನೆರವನ್ನೂ ಸೂಚಿಸಿತು. ಮುಂದಿನ ಕ್ಷಾಮ ಸಂಹಿತೆಗಳಿಗೆ ಇದೇ ತಳಹದಿ.

ಮಳೆಯನ್ನು ತರಿಸುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಮಳೆ ತಪ್ಪಿದ ವರ್ಷದಲ್ಲಿ ಬಡವನ ಕೈಗೆ ಕೂಲಿಯೂ ಅವನ ಊರಿಗೆ ಧಾನ್ಯವೂ ಸಕಾಲದಲ್ಲಿ ತಲಪುವಂತೆ ಮಾಡುವುದು ಸಮಾಜದ ಕೈಯಲ್ಲಿದೆ. ಬರವು ಪ್ರಕೃತಿಯ ಮುನಿಸಾದರೆ, ಅದು ಸಾವಾಗಿ ಪರಿಣಮಿಸುವುದು ನಮ್ಮ ಅಲಕ್ಷ್ಯದಿಂದ.