ಚಾರಣ: ಹೊರಡುವ ಮುನ್ನ ವಾಪಸಿನ ಲೆಕ್ಕ

ಚಾರಣ ಎಂದರೆ ನಮಗೆಲ್ಲ ನೆನಪಾಗುವುದು ಮೊಬೈಲ್‌ನಲ್ಲಿ ನೋಡಿದ ಕುದುರೆಮುಖ, ಕುಮಾರಪರ್ವತದ ವೀಡಿಯೊಗಳು. ಅವುಗಳಲ್ಲಿ ಹೇಳುವ ಜಿಗಣೆ, ಮಂಜು, ರೈನ್‌ಕೋಟ್ ವಿಷಯ ಬೀದರ್‌ನವರಿಗೆ ಅಷ್ಟಾಗಿ ಉಪಯೋಗವಿಲ್ಲ. ನಮ್ಮ ನೆಲವೇ ಬೇರೆ. ಬೆಟ್ಟದ ಊರುಗಳಲ್ಲಿ ಮೊದಲು ಹತ್ತಿ, ಆಮೇಲೆ ಇಳಿಯುತ್ತಾರೆ. ಬೀದರ್ ನಗರ ಇರುವುದು ಪ್ರಸ್ಥಭೂಮಿಯ ಅಂಚಿನಲ್ಲಿ. ಇಲ್ಲಿಂದ ಅಷ್ಟೂರಿನ ಕಡೆ ನಡೆದರೆ ಹೋಗುವಾಗ ಇಳಿಜಾರು, ಬರುವಾಗ ಏರು. ಬೆಳಿಗ್ಗೆ ತಂಪಿನಲ್ಲಿ ನಗುತ್ತಾ ಇಳಿದವರು ಬಿಸಿಲೇರಿದ ಮೇಲೆ, ಬಾಟಲಿ ಖಾಲಿಯಾದ ಮೇಲೆ ಹತ್ತಬೇಕು. ಆದ್ದರಿಂದ ನಮ್ಮಲ್ಲಿ ಮೊದಲು ಹಾಕಬೇಕಾದ್ದು ವಾಪಸಿನ ಲೆಕ್ಕ.

ನಾನು ಕಾಮರ್ಸ್ ವಿದ್ಯಾರ್ಥಿ, ಹಾಗಾಗಿ ಲೆಕ್ಕದಿಂದಲೇ ಹೇಳುತ್ತೇನೆ. ಬಿಸಿಲಲ್ಲಿ ನಡೆಯುವವರಿಗೆ ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು. ನಾಲ್ಕು ಗಂಟೆಯ ನಡಿಗೆಗೆ 2 ಲೀಟರ್, ಮೇಲೆ ಅರ್ಧ ಲೀಟರ್ ಮೀಸಲು. ಇದು ತಲಾ ಒಬ್ಬರಿಗೆ, ಗುಂಪಿಗಲ್ಲ! ನೀರು ಅರ್ಧ ಮುಗಿದರೆ, ಅಥವಾ ಇಟ್ಟುಕೊಂಡ ಸಮಯದಲ್ಲಿ ಅರ್ಧ ಕಳೆದರೆ, ಎಲ್ಲಿದ್ದರೂ ಹಿಂದಿರುಗಬೇಕು. ಉಳಿದರ್ಧ ವಾಪಸಿನ ಪಾಲು, ಅದನ್ನು ಮುಟ್ಟುವುದೆಂದರೆ ಸಾಲ ಮಾಡಿದಂತೆ. ಹೊಸಬರ ವೇಗ ಗಂಟೆಗೆ 3 ಕಿ.ಮೀ. ಎಂದು ಹಿಡಿಯಿರಿ. ಭಾಲ್ಕಿ, ಔರಾದ್ ಕಡೆಯ ಎರೆ ಮಣ್ಣಿನಲ್ಲಿ ಮಳೆಯಾಗಿದ್ದರೆ ಅದೂ ಆಗುವುದಿಲ್ಲ. ಚಪ್ಪಲಿಗೆ ಮಣ್ಣು ಮೆತ್ತಿಕೊಂಡು ಒಂದೊಂದು ಕಾಲೂ ಭಾರವಾಗುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ತೊಂದರೆ ಬೇರೆ, ಸಣ್ಣ ಕಲ್ಲುಗಳ ಮೇಲೆ ಕಾಲು ಜಾರುತ್ತದೆ. ಹಿಡಿತವಿರುವ ಶೂ ಇರಲಿ, ಹೊಸದು ಬೇಡ.

ನಮ್ಮ ಮನೆಯಲ್ಲಿ ಬಿಸಿಲು ಬಡಿಯುವುದಕ್ಕೆ ‘ಲೂ ಲಗ್‌ನಾ’ ಎನ್ನುತ್ತಾರೆ. ನಾನಿ ಜೇಬಿನಲ್ಲಿ ಒಂದು ಈರುಳ್ಳಿ ಇಟ್ಟು ಕಳಿಸುತ್ತಾರೆ. ಜೇಬಿನಲ್ಲಿದ್ದರೆ ಅದರಿಂದ ಏನೂ ಆಗದು, ಊಟಕ್ಕೆ ನಂಚಿಕೊಳ್ಳಬಹುದು. ಆದರೆ ಅವರೇ ಮಾಡುವ ಕೈರಿ ಪನ್ನಾದಲ್ಲಿ ನೀರು, ಉಪ್ಪು, ಸಕ್ಕರೆ ಮೂರೂ ಇರುವುದರಿಂದ ಅದು ಒಳ್ಳೆಯದು. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಿ. ತಲೆನೋವು, ಓಕರಿಕೆ, ತಲೆಸುತ್ತು ಬಂದರೆ ನೆರಳಿಗೆ ಕರೆತಂದು ಕುಡಿಸಿ. ಮಾತು ತಡವರಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕಬೇಡಿ. ಮೈಗೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಬುರ್ಖಾ ಧರಿಸುವ ಸಹೋದರಿಯರಿಗೆ ಸಡಿಲವಾದ ತೆಳು ಹತ್ತಿಯದ್ದು ಒಳ್ಳೆಯದು, ಸಿಂಥೆಟಿಕ್‌ನಲ್ಲಿ ಬೆವರು ಆರುವುದಿಲ್ಲ. ರೋಜಾ ಇರುವ ದಿನ ದೂರದ ನಡಿಗೆ ಇಟ್ಟುಕೊಳ್ಳದಿರುವುದೇ ಸರಿ.

ಸಿಡಿಲಿನ ಪಾಠಕ್ಕೆ ಪುಸ್ತಕ ಬೇಡ, ಅಷ್ಟೂರಿಗೆ ಹೋದರೆ ಸಾಕು. ಬಹಮನಿ ಸುಲ್ತಾನರ ಗುಂಬಜ್‌ಗಳ ಸಾಲಿನಲ್ಲಿ ಹುಮಾಯೂನ್ ಷಾನ ಗೋರಿ ಸಿಡಿಲು ಬಡಿದು ಸೀಳಿದೆ, ಗುಮ್ಮಟದ ಒಂದು ಭಾಗ ಮಾತ್ರ ಉಳಿದಿದೆ. 1458ರಿಂದ 1461ರವರೆಗೆ ಆಳಿದ ಈತನನ್ನು ‘ಜಾಲಿಮ್’ ಎಂದು ಕರೆಯುತ್ತಾರೆ, ಹಾಗಾಗಿ ಅದು ಅವನಿಗಾದ ಶಿಕ್ಷೆ ಎನ್ನುವವರೂ ಇದ್ದಾರೆ. ನನಗೆ ಕಾಣುವುದು ಇಷ್ಟೇ: ಬಯಲಿನಲ್ಲಿ ಎತ್ತರಕ್ಕೆ ನಿಂತದ್ದಕ್ಕೆ ಸಿಡಿಲು ಬಡಿಯಿತು. ಬಯಲಲ್ಲಿ ನಾವೇ ನಿಂತಿದ್ದರೆ ಆ ಎತ್ತರದ ವಸ್ತು ನಾವೇ. ಮಿಂಚು ಕಂಡ ಕೂಡಲೇ ಎಣಿಸಿ. ಗುಡುಗು ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಸಾಗುತ್ತದೆ. 30 ಎಣಿಸುವುದರೊಳಗೆ ಕೇಳಿಸಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ಕೂಡಲೇ ಗೋಡೆ, ಬಾಗಿಲಿರುವ ಕಟ್ಟಡಕ್ಕೋ, ಮುಚ್ಚಿದ ಕಾರು, ಬಸ್ಸಿಗೋ ಸೇರಿಕೊಳ್ಳಿ. ಕೊನೆಯ ಗುಡುಗಿನ ಬಳಿಕ 30 ನಿಮಿಷ ಕಾಯಿರಿ. ಒಂಟಿ ಬೇವಿನ ಮರ, ಕೋಟೆಯ ಬುರುಜು ಎರಡೂ ಬೇಡ. ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಮುನ್ಸೂಚನೆ ಕೊಡುತ್ತದೆ.

ನೀರಿನ ವಿಷಯ ಹೇಳಲೇಬೇಕು. ಭಾಲ್ಕಿಯಲ್ಲಿರುವ ನಮ್ಮ ಖಾಲಾ ಮಕ್ಕಳಿಗೆ ಬೇಸಿಗೆಯಲ್ಲಿ ಕಾರಂಜಾ ಜಲಾಶಯಕ್ಕೆ ಹೋಗಲು ಮನೆಯಲ್ಲಿ ಬಿಡುವುದಿಲ್ಲ. ಮೊದಲು ನನಗೂ ಅದು ಅತಿಯೆನಿಸಿತ್ತು. ಆದರೆ ಕೆರೆಗೆ ಈಜಲು ಹೋದ ಗೆಳೆಯರು ನೀರುಪಾಲಾದ ಸುದ್ದಿ ಓದಿ ನೋಡಿ: ಮುಳುಗುತ್ತಿದ್ದವನನ್ನು ಹಿಡಿಯಲು ಹಾರಿದ ಎರಡನೆಯವನೂ ಎಷ್ಟೋ ಸಲ ಉಳಿಯುವುದಿಲ್ಲ. ಹಾರಬೇಡಿ. ದುಪಟ್ಟಾ, ಹಗ್ಗ, ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನಾದರೂ ಎಸೆಯಿರಿ, ಕೂಗಿ ಜನ ಕರೆಯಿರಿ. ಔರಾದ್ ಕಡೆಯ ಮಾಂಜ್ರಾ ದಡಕ್ಕೂ ಇದೇ ಮಾತು. ನೌಬಾದ್‌ನ ಕರೇಜ್ ಸುರಂಗವನ್ನು ಹೊರಗಿನಿಂದ ನೋಡಿ, ಒಳಗೆ ಕತ್ತಲು, ನೀರು, ಕಟ್ಟಿದ ಗಾಳಿ. ಅದರ ಗಾಳಿಬಾವಿಗಳ ಅಂಚಿಗೂ ಹೋಗಬೇಡಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಇಟ್ಟು ನೇರ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹುಡುಕಿ ಹೊಡೆಯುತ್ತಾ ಸಮಯ ಕಳೆಯಬೇಡಿ.

ಮೊದಲ ಸಲಕ್ಕೆ ನನ್ನ ಸಲಹೆ: ನವೆಂಬರ್‌ನಿಂದ ಜನವರಿಯೊಳಗೆ ಒಂದು ಭಾನುವಾರ, ಫಜರ್ ನಮಾಜ್ ಆದ ಮೇಲೆ ಬೆಳಕು ಹರಿದಾಗ, ನಗರದಿಂದ ಚೌಖಂಡಿ ದಾಟಿ ಅಷ್ಟೂರಿಗೆ. ಸುಮಾರು 3 ಕಿ.ಮೀ. ದಾರಿ. ಗುಂಪಿನಲ್ಲಿ ಅತಿ ನಿಧಾನವಾಗಿ ನಡೆಯುವವರು ಮುಂದಿರಲಿ. ಯಾರ್ಯಾರು, ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ಸು ಎಂದು ಚೀಟಿ ಬರೆದು ಅಮ್ಮಿಯ ಕೈಗೆ ಕೊಡಿ. ಹೊನ್ನಿಕೇರಿ ಮೀಸಲು ಅರಣ್ಯದ ಆಸೆಯಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.